ಪರದೆ ಹಿಂದಿನ ನಾತದ ತಿಗಣೆ, ಶಿರಸಿಯ ಅಡಿಕೆ ತೋಟ

ಓದುಗರ ಪ್ರಶ್ನೆ: "ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೂರು ವರ್ಷದ ಹಿಂದೆ ಮನೆ ತಗೊಂಡೆವು, ಹಿಂದೆ ಸ್ವಲ್ಪ ಕಾಡಿದೆ. ಸೆಪ್ಟೆಂಬರ್ ಕೊನೆ ಬಂತೆಂದರೆ ಸಂಜೆ ಬಿಸಿಲು ಬೀಳುವ ಗೋಡೆಗೆ ಕಂದು ಬಣ್ಣದ, ಗುರಾಣಿಯಂಥ ಹುಳ ಮುತ್ತಿಕೊಳ್ಳುತ್ತದೆ. ಆಮೇಲೆ ಅಟ್ಟದಲ್ಲಿ, ಪರದೆ ಮಡಿಕೆಯಲ್ಲಿ, ದೇವರ ದೀಪದ ಹತ್ತಿರ, ಎಲ್ಲೆಲ್ಲೂ ಅದೇ. ಕನ್ನಡ ಕೂಟದಲ್ಲಿ ಒಬ್ಬರು ಇದು ಗೋಡೆಯೊಳಗೆ ಮೊಟ್ಟೆ ಇಡುತ್ತದೆ ಅಂದರು. ಇನ್ನೊಬ್ಬರು ಒಂದನ್ನು ಹೊಸಕಿದರೆ ಆ ವಾಸನೆಗೆ ನೂರು ಬರುತ್ತವೆ ಅಂದರು. ಯಜಮಾನರು ಅಟ್ಟದಲ್ಲಿ ಹೊಗೆ ಬಾಂಬ್ ಇಡೋಣ ಅಂತಿದ್ದಾರೆ, ನನಗೆ ಎರಡು ವರ್ಷದ ಮಗು ಇದೆ. ಬೇಸಿಗೆಯಲ್ಲಿ ಹಿತ್ತಲಿನ ಟೊಮೆಟೊ, ಮೆಣಸಿನಕಾಯಿ, ಅವರೆಕಾಯಿ ಯಾವುದೂ ನೆಟ್ಟಗೆ ಬರಲಿಲ್ಲ. ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಹೋದ ಡಿಸೆಂಬರ್‌ನಲ್ಲಿ ಶಿರಸಿಗೆ ಹೋದಾಗ ಸೂಟ್‌ಕೇಸ್ ತೆರೆದರೆ ಒಳಗಿಂದ ಇದೇ ಹುಳ ಒಂದು ಹೊರಬಂತು. ಆಯಿ ಕಸಬರಿಗೆಯಲ್ಲಿ ಅಂಗಳಕ್ಕೆ ತಳ್ಳಿದರು. ಈ ಮೇ ತಿಂಗಳಲ್ಲಿ ಅಪ್ಪಯ್ಯ, ತೋಟದಲ್ಲಿ ಎಳೆ ಅಡಿಕೆ ಉದುರುತ್ತಿದೆ ಅಂತ ಫೋಟೋ ಕಳಿಸಿದರು. ಫೋಟೋದಲ್ಲಿ ಅದೇ ಹುಳ! ನಾವೇ ತಂದು ಬಿಟ್ಟೆವಾ? ಮನೆಯಲ್ಲಿ ಯಾರಿಗೂ ಹೇಳಿಲ್ಲ."

ನಿಮ್ಮ ಪತ್ರದಲ್ಲಿ ಮನೆಯೂ ಇದೆ, ಹಿತ್ತಲೂ ಇದೆ, ಆದರೆ ನಿದ್ದೆ ಕೆಡಿಸಿರುವುದು ಶಿರಸಿಯ ತೋಟ ಅಂತ ಓದಿದರೇ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅದು ನಿಮ್ಮಿಂದ ಆಗಿದ್ದಲ್ಲ. ಇಷ್ಟು ಧೈರ್ಯವಾಗಿ ಯಾಕೆ ಹೇಳುತ್ತೇನೆ ಅನ್ನುವುದು ತಿಳಿಯಬೇಕಾದರೆ ಈ ಹುಳ ವರ್ಷಪೂರ್ತಿ ಏನು ಮಾಡುತ್ತದೆ ಅಂತ ಗೊತ್ತಾಗಬೇಕು. ಸೂಟ್‌ಕೇಸಿಗೆ ಆಮೇಲೆ ಬರೋಣ.

ನಿಮ್ಮ ಮನೆಯ ಹುಳದ ಫೋಟೋ ನೋಡಿದೆ. ಕುಡಿಮೀಸೆಯಲ್ಲಿ ಬಿಳಿ ಪಟ್ಟಿ, ಹೊಟ್ಟೆಯ ಅಂಚಿಗೆ ಕಪ್ಪು ಬಿಳಿ ಚೌಕಳಿ, ಮುಳ್ಳಿಲ್ಲದ ನಯವಾದ ಭುಜ, ಉದ್ದ ಒಂದೂವರೆ ಸೆಂಟಿಮೀಟರ್ ಆಸುಪಾಸು. ಅನುಮಾನವೇ ಇಲ್ಲ, ಬ್ರೌನ್ ಮಾರ್ಮೊರೇಟೆಡ್ ಸ್ಟಿಂಕ್ ಬಗ್. ಶಾಸ್ತ್ರದ ಹೆಸರು ಹ್ಯಾಲಿಯೋಮಾರ್ಫಾ ಹ್ಯಾಲಿಸ್. ಕನ್ನಡದಲ್ಲಿ ನಾನು ನಾತದ ತಿಗಣೆ ಅನ್ನುತ್ತೇನೆ. ತೊಂದರೆ ಏನೆಂದರೆ ತಿಗಣೆ ಅಂದ ಕೂಡಲೇ ನಮಗೆ ಹಾಸಿಗೆ ತಿಗಣೆ ನೆನಪಾಗಿ ಮೈಯೆಲ್ಲ ತುರಿಸುವುದಕ್ಕೆ ಶುರುವಾಗುತ್ತದೆ! ಇದು ಆ ಜಾತಿಯದ್ದಲ್ಲ. ರಕ್ತ ಕುಡಿಯುವುದಿಲ್ಲ, ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಇದರ ಬಾಯಿ ಸೂಜಿಯ ಹಾಗೆ ಇದೆ ನಿಜ, ಆದರೆ ಅದು ಕಾಯಿ ಚುಚ್ಚಿ ರಸ ಹೀರುವುದಕ್ಕೆ. ಮಗು ಕೈಯಲ್ಲಿ ಹಿಡಿದರೆ ಕೈ ನಾರುತ್ತದೆ, ಅಷ್ಟೇ. ಹುಳ ಬಿಡುವ ಆ ನಾತದ ರಸ ಕಣ್ಣಿಗೆ ತಗುಲಿದರೆ ಉರಿಯುತ್ತದೆ, ಹಾಗಾಗಿ ಕೈ ತೊಳೆಸಿ.

ಇದರ ತವರು ಚೀನಾ, ಜಪಾನ್, ಕೊರಿಯಾ, ತೈವಾನ್. ಅಮೆರಿಕದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ, 1990ರ ದಶಕದ ಕೊನೆಯಲ್ಲಿ. ನಿಮ್ಮ ನ್ಯೂಜೆರ್ಸಿಯ ಮಿಲ್‌ಫರ್ಡ್‌ನಲ್ಲಿ 1999ರಲ್ಲೇ ಬೆಳಕಿನ ಬಲೆಗೆ ಬಿದ್ದಿತ್ತು. ಆದರೆ ಇಲ್ಲಿಯದೇ ಒಂದು ಕಂದು ತಿಗಣೆ ಇದೆ, ಜನ ಅದೇ ಇದು ಅಂದುಕೊಂಡರು. 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಜ್ಞರು ಸರಿಯಾಗಿ ಗುರುತಿಸುವ ಹೊತ್ತಿಗೆ ಅದು ಸಂಸಾರ ಹೂಡಿ ಆಗಿತ್ತು. ಆಮೇಲೆ ಜೀನ್ ಹೋಲಿಸಿ ನೋಡಿದಾಗ ಇಲ್ಲಿಗೆ ಬಂದ ಮೂಲ ಬೀಜಿಂಗ್ ಸುತ್ತಲಿನದು ಅಂತ ತಿಳಿಯಿತು. ಯಾರೂ ಬೇಕಂತ ಬಿಟ್ಟಿದ್ದಲ್ಲ. ಯಾವುದೋ ಸರಕಿನ ಪೆಟ್ಟಿಗೆಯ ಸಂದಿಯಲ್ಲಿ ಮಲಗಿದ್ದವು ಎದ್ದಾಗ ಪೆನ್ಸಿಲ್ವೇನಿಯಾದಲ್ಲಿದ್ದವು, ಅಷ್ಟೇ ಇರಬೇಕು. ಹತ್ತು ವರ್ಷ ಹೆಚ್ಚು ಸದ್ದಿಲ್ಲ. 2010ರಲ್ಲಿ ಒಮ್ಮೆಗೇ ಸ್ಫೋಟ. ಆ ಒಂದು ವರ್ಷ ಈ ಭಾಗದ ಸೇಬು ಬೆಳೆಗಾರರಿಗೆ ಸುಮಾರು 3.7 ಕೋಟಿ ಡಾಲರ್ ನಷ್ಟ ಅಂತ ಲೆಕ್ಕ.

"ಮಲಗಿದ್ದವು" ಅಂದೆನಲ್ಲ, ಇಡೀ ಕಥೆಯ ಕೀಲಿ ಅಲ್ಲೇ ಇದೆ.

ಆಗಸ್ಟ್ ಕಳೆದು ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಈ ಹುಳದ ಮೈಯಲ್ಲಿ ಒಂದು ಬದಲಾವಣೆ ಆಗುತ್ತದೆ. ತಿನ್ನುವುದು ನಿಲ್ಲುತ್ತದೆ. ಹೆಣ್ಣಿನ ಅಂಡಾಶಯ ಬೆಳೆಯುವುದೇ ಇಲ್ಲ. ಬೇಸಿಗೆಯಲ್ಲಿ ಸೇರಿಸಿಟ್ಟ ಕೊಬ್ಬನ್ನೇ ನೆಚ್ಚಿಕೊಂಡು, ಒಣಗಿದ, ಕತ್ತಲಾದ, ಮೈಗೆ ನಾಲ್ಕೂ ಕಡೆಯಿಂದ ಒತ್ತಿಕೊಳ್ಳುವಂಥ ಬಿಗಿ ಸಂದು ಹುಡುಕಿಕೊಂಡು ಹೊರಡುತ್ತದೆ. ಕಾಡಿನಲ್ಲಾದರೆ ನಿಂತಲ್ಲೇ ಸತ್ತ ಓಕ್, ಲೋಕಸ್ಟ್ ಮರಗಳ ಸಡಿಲ ತೊಗಟೆಯ ಕೆಳಗೆ. ಇದನ್ನು ಕಾಡಿನಲ್ಲಿ ಪತ್ತೆ ಮಾಡುವುದಕ್ಕೆ ಸಂಶೋಧಕರು ನಾಯಿಗಳಿಗೆ ತರಬೇತಿ ಕೊಟ್ಟಿದ್ದರು, ನಾಯಿ ಮೂಸಿ ಮರದ ಬುಡದಲ್ಲಿ ಕೂತರೆ ಅಲ್ಲಿ ಹುಳ ಇದೆ ಅಂತ. ನಿಮ್ಮ ಮನೆ ಆ ಹುಳದ ಕಣ್ಣಿಗೆ ಬಿಸಿಲಿಗೆ ಕಾದ, ಎತ್ತರದ, ಸಂದುಗಳಿರುವ ಒಂದು ಒಣ ಮರ. ಹಿಂದೆ ಕಾಡು ಬೇರೆ ಇದೆ ಅಂದಿರಿ.

ಹಾಗಾಗಿ ಗೋಡೆಯೊಳಗೆ ಮೊಟ್ಟೆ ಅನ್ನುವ ಮಾತು ಸುಳ್ಳು. ಮನೆಯೊಳಗೆ ಅದು ಮೊಟ್ಟೆ ಇಡುವುದಿಲ್ಲ, ಮರಿ ಮಾಡುವುದಿಲ್ಲ, ಏನೂ ತಿನ್ನುವುದಿಲ್ಲ, ಮರ ಕೊರೆಯುವುದಿಲ್ಲ. ಜನವರಿಯಲ್ಲಿ ಪರದೆ ಮೇಲೆ ಕಾಣುವ ಹುಳ ಅಕ್ಟೋಬರ್‌ನಲ್ಲಿ ಹೊರಗಿಂದ ಬಂದದ್ದೇ. ಹೀಟರ್ ಬಿಸಿಗೆ ಎಚ್ಚರವಾಗಿ ದಾರಿ ತಪ್ಪಿ ಒಳಕೋಣೆಗೆ ಬಂದಿರುತ್ತದೆ. "ದಿನಾ ಹೊಸದು ಬರುತ್ತಿದೆ, ಒಳಗೇ ಹುಟ್ಟುತ್ತಿರಬೇಕು" ಅಂತ ಅನ್ನಿಸುವುದು ಸಹಜ. ಮೇರಿಲ್ಯಾಂಡ್‌ನಲ್ಲಿ ಒಬ್ಬ ವನ್ಯಜೀವಿ ವಿಜ್ಞಾನಿ ತಮ್ಮದೇ ಮನೆಯಲ್ಲಿ 2011ರ ಜನವರಿಯಿಂದ ಜೂನ್‌ವರೆಗೆ ಹಿಡಿದ ಹುಳಗಳನ್ನು ಒಂದೊಂದಾಗಿ ಎಣಿಸಿದರು. 26,205! ಅಷ್ಟೂ ಹಿಂದಿನ ಶರತ್ಕಾಲದಲ್ಲಿ ಒಳಗೆ ಬಂದು ಮಲಗಿದ್ದವು. ನಿಮ್ಮದು ನಲವತ್ತೋ ಐವತ್ತೋ ಇರಬಹುದು, ಸಮಾಧಾನ ಮಾಡಿಕೊಳ್ಳಿ.

ಏಪ್ರಿಲ್‌ನಿಂದ ಜೂನ್ ಹೊತ್ತಿಗೆ ನಿಧಾನಕ್ಕೆ ಎದ್ದು ಹೊರಗೆ ಹೋಗುತ್ತವೆ. ಮೊದಲು ಮರಗಳಿಗೆ. ನಿಮ್ಮ ಕಡೆ ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುವ ಟ್ರೀ ಆಫ್ ಹೆವನ್ ಅಂದರೆ ಇದಕ್ಕೆ ತುಂಬಾ ಇಷ್ಟ. ಕೆಲವು ವಾರ ಹೊಟ್ಟೆ ತುಂಬ ಹೀರಿ, ಹಗಲು ಉದ್ದವಾದ ಮೇಲಷ್ಟೇ ಕೂಡುವುದು, ಮೊಟ್ಟೆ ಇಡುವುದು. ಎಲೆಯ ಅಡಿಯಲ್ಲಿ ತಿಳಿ ಹಸಿರಿನ, ಪುಟ್ಟ ಪೀಪಾಯಿಯಂಥ ಮೊಟ್ಟೆಗಳು ಒತ್ತಾಗಿ ಜೋಡಿಸಿರುತ್ತವೆ. ಎಣಿಸಿ ನೋಡಿ, ಹೆಚ್ಚಿನ ಸಲ 28 ಇರುತ್ತವೆ. ಒಂದು ಹೆಣ್ಣು ಬೇಸಿಗೆಯಲ್ಲಿ ಇಂಥ ಹಲವು ಗುಂಪು ಇಡುತ್ತದೆ, ಒಟ್ಟು ಇನ್ನೂರು ಮುನ್ನೂರರ ತನಕ ಹೋಗುತ್ತದೆ.

ನನಗೆ ಈ ಹುಳದಲ್ಲಿ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಮೊಟ್ಟೆ ಇಟ್ಟ ತಾಯಿ ಅದರ ಮೇಲೆ ತನ್ನ ಕರುಳಿನ ಬ್ಯಾಕ್ಟೀರಿಯಾ ಇರುವ ಅಂಟನ್ನು ಬಳಿದು ಹೋಗುತ್ತದೆ. ಮರಿ ಹೊರಬಂದ ಮೇಲೆ ಎಲ್ಲಿಗೂ ಹೋಗುವುದಿಲ್ಲ. ಖಾಲಿ ಮೊಟ್ಟೆಗಳ ಸುತ್ತ ಕೂತು ಆ ಅಂಟನ್ನು ಹೀರುತ್ತದೆ. ನಮ್ಮಲ್ಲಿ ಹಿಂದೆ ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುತ್ತಿದ್ದರಲ್ಲ, ಹಾಗೆ (ಈಗ ಡಾಕ್ಟರು ಬೇಡ ಅನ್ನುತ್ತಾರೆ, ನೀವು ಮಾಡಬೇಡಿ). ಆ ಬ್ಯಾಕ್ಟೀರಿಯಾ ಸಿಗದ ಮರಿಗಳು ಸೊರಗುತ್ತವೆ, ಬಹಳಷ್ಟು ಸಾಯುತ್ತವೆ. ಕಪ್ಪು ಕೇಸರಿ ಬಣ್ಣದ ಪುಟ್ಟ ಮರಿಗಳು ಮೊಟ್ಟೆಯ ಸುತ್ತ ಹೂವಿನ ಎಸಳಿನ ಹಾಗೆ ಕೂತಿರುವುದನ್ನು ನೋಡಿದರೆ ಅದೇ ಸಮಯ ಅಂತ ತಿಳಿಯಿರಿ. ಹಿತ್ತಲಿನಲ್ಲಿ ಹುಳ ಹಿಡಿಯಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ, ಯಾಕೆಂದರೆ ಒಂದೇ ಎಲೆಯಲ್ಲಿ ಇಡೀ ಸಂಸಾರ ಸಿಗುತ್ತದೆ. ಆಮೇಲೆ ಚದುರಿದರೆ ಮುಗಿಯಿತು. ಐದು ಸಲ ಪೊರೆ ಕಳಚಿ ರೆಕ್ಕೆ ಬರುತ್ತದೆ. ಅದಕ್ಕೆ ಸೆಕೆ ನೋಡಿಕೊಂಡು ಆರೇಳು ವಾರ ಬೇಕು. ನಿಮ್ಮ ಕಡೆ ವರ್ಷಕ್ಕೆ ಒಂದು ಪೀಳಿಗೆ, ಬೇಸಿಗೆ ಉದ್ದವಾದರೆ ಎರಡನೆಯದಕ್ಕೂ ಕೈ ಹಾಕುತ್ತದೆ.

ಇನ್ನು ವಾಸನೆ. ಒಂದನ್ನು ಹೊಸಕಿದರೆ ನೂರು ಬರುತ್ತವೆ ಅನ್ನುವುದು ಎರಡು ಬೇರೆ ವಾಸನೆಗಳನ್ನು ಕಲಸಿ ಹುಟ್ಟಿದ ಮಾತು. ಹುಳಕ್ಕೆ ಹೆದರಿಕೆ ಆದಾಗ ಬಿಡುವ ನಾತ ಒಂದು. ದೊಡ್ಡದಕ್ಕೆ ಆ ಗ್ರಂಥಿ ಎದೆಯ ಕೆಳಗೆ ಇದೆ, ಮರಿಗೆ ಬೆನ್ನ ಮೇಲೆ. ಅದು "ಓಡಿ" ಅನ್ನುವ ಸಂದೇಶ, "ಬನ್ನಿ" ಅನ್ನುವುದಲ್ಲ. ಊಟದ ಜಾಗಕ್ಕೆ ಬನ್ನಿ ಅನ್ನುವ ವಾಸನೆ ಬೇರೆ ಇದೆ, ಅದನ್ನು ಗಂಡು ಬಿಡುತ್ತದೆ, ನಮ್ಮ ಮೂಗಿಗೆ ಅದು ಗೊತ್ತೂ ಆಗುವುದಿಲ್ಲ. ಅಂದಹಾಗೆ, ನೀವು ದಿನಾ ಸಾರಿಗೆ ಹಾಕುವ ಕೊತ್ತಂಬರಿ ಸೊಪ್ಪಿನ ಘಮಕ್ಕೂ ಈ ಹುಳದ ನಾತಕ್ಕೂ ಕಾರಣವಾದ ರಾಸಾಯನಿಕಗಳಲ್ಲಿ ಕೆಲವು ಒಂದೇ. ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಕೊತ್ತಂಬರಿ ಸೊಪ್ಪನ್ನು ದೂರ ತಳ್ಳಿ "ಸ್ಟಿಂಕ್ ಬಗ್ ವಾಸನೆ" ಅನ್ನುತ್ತಾರೆ. ನನಗೆ ಹುಳ ಹೊಸಕಿದಾಗ ಬೇಳೆಸಾರು ನೆನಪಾಗುತ್ತದೆ. ಎರಡೂ ಸರಿಯೇ.

ಹೊಗೆ ಬಾಂಬ್ ಬಗ್ಗೆ ನಿಮ್ಮ ಯಜಮಾನರಿಗೆ ಈ ಭಾಗ ಓದಿ ಹೇಳಿ. ಬೇಡ. ಆ ಡಬ್ಬದಿಂದ ಹೊರಡುವ ಔಷಧಿಯ ಮಂಜು ಬಿಗಿ ಸಂದಿಯೊಳಗೆ ಮಲಗಿದ ಹುಳದ ತನಕ ಹೋಗುವುದಿಲ್ಲ, ಎದುರಿಗಿದ್ದ ನಾಲ್ಕು ಸಾಯುತ್ತವೆ, ಮಾರನೇ ದಿನ ಉಳಿದವು ಬರುತ್ತವೆ. ಆ ಡಬ್ಬದ ಅನಿಲಕ್ಕೆ ಬೆಂಕಿ ಹತ್ತುವ ಗುಣ ಇದೆ, ನೀರು ಕಾಯಿಸುವ ಗ್ಯಾಸ್ ಉರಿ ಹತ್ತಿರ ಇದ್ದರೆ ಅಪಾಯ. ಮೇಲಾಗಿ ಮಗು ಆಡುವ ನೆಲಕ್ಕೆ ಔಷಧಿ ಕೂರುತ್ತದೆ. ಗೋಡೆಯ ಪೊಳ್ಳಿನೊಳಗೆ ಔಷಧಿ ಹೊಡೆಸುವುದಕ್ಕೆ ಇನ್ನೊಂದು ತೊಡಕು ಇದೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ: ಒಳಗೆ ರಾಶಿ ಹುಳ ಸತ್ತರೆ ಆ ಹೆಣ ತಿನ್ನಲು ಕಾರ್ಪೆಟ್ ಬೀಟಲ್ ಅನ್ನುವ ಪುಟ್ಟ ದುಂಬಿ ಬರುತ್ತದೆ. ಹೆಣ ಮುಗಿದ ಮೇಲೆ ಅದರ ಮರಿಗಳು ಉಣ್ಣೆ, ರೇಷ್ಮೆ ತಿನ್ನುತ್ತವೆ. ಬೀರುವಿನಲ್ಲಿ ಮದುವೆ ಸೀರೆ ಇಟ್ಟಿದ್ದೀರಲ್ಲ, ಯೋಚನೆ ಮಾಡಿ.

ಒಳಗೆ ಕಂಡದ್ದಕ್ಕೆ ನಾನು ಮಾಡುವುದು ಇಷ್ಟೇ. ಅಗಲ ಬಾಯಿಯ ಒಂದು ಡಬ್ಬಕ್ಕೆ ಕಾಲು ಭಾಗ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಡಬ್ಬವನ್ನು ಹುಳದ ಕೆಳಗೆ ಹಿಡಿದು ಮೇಲಿಂದ ಕಾಗದದಲ್ಲಿ ಮೆಲ್ಲಗೆ ತಟ್ಟಿ. ಗಾಬರಿಯಾದ ಈ ಹುಳ ಹಾರುವ ಬದಲು ತೊಪ್ಪೆಂದು ಕೆಳಗೆ ಬೀಳುತ್ತದೆ, ಅದರ ಅಭ್ಯಾಸವೇ ಹಾಗೆ. ಬರೀ ನೀರಾದರೆ ತೇಲುತ್ತದೆ, ಸೋಪು ಇದ್ದರೆ ಮುಳುಗುತ್ತದೆ. ತುಂಬಾ ಇದ್ದರೆ ವ್ಯಾಕ್ಯೂಮ್ ಉಪಯೋಗಿಸಬಹುದು, ಆದರೆ ಯಂತ್ರ ಜನ್ಮಪೂರ್ತಿ ನಾರುತ್ತದೆ. ಪೈಪಿನ ಬಾಯಿಗೆ ಒಂದು ಹಳೆಯ ನೈಲಾನ್ ಕಾಲುಚೀಲ ಒಳಗೆ ಇಳಿಬಿಟ್ಟು ಅಂಚನ್ನು ರಬ್ಬರ್ ಬ್ಯಾಂಡ್‌ನಲ್ಲಿ ಕಟ್ಟಿದರೆ ಹುಳ ಚೀಲದಲ್ಲೇ ಉಳಿಯುತ್ತದೆ. ಅಟ್ಟಕ್ಕೆ ಒಂದು ಉಪಾಯ ಇದೆ. ಅಡುಗೆಯ ದೊಡ್ಡ ಫಾಯಿಲ್ ತಟ್ಟೆಗೆ ಸೋಪು ನೀರು ಹಾಕಿ, ಮೇಲೆ ಒಂದು ದೀಪ ಬರುವ ಹಾಗೆ ರಾತ್ರಿ ಇಡಿ. ವರ್ಜೀನಿಯಾ ಟೆಕ್‌ನವರು 2014ರಲ್ಲಿ ಹೋಲಿಸಿ ನೋಡಿದಾಗ ಈ ತಟ್ಟೆಗೆ ಅಂಗಡಿಯ ದುಬಾರಿ ಬಲೆಗಿಂತ 14 ಪಟ್ಟು ಹೆಚ್ಚು ಹುಳ ಬಿದ್ದಿದ್ದವು. ವೈರು ನೀರಿಗೆ ತಾಗದ ಹಾಗೆ ನೋಡಿಕೊಳ್ಳಿ, ಮಗು ಹತ್ತಿರ ಹೋಗದ ಹಾಗೂ.

ಆದರೆ ನಿಜವಾದ ಕೆಲಸ ಆಗಸ್ಟ್‌ನಲ್ಲಿ, ಹುಳ ಬರುವ ಮೊದಲು. ಕಿಟಕಿ ಚೌಕಟ್ಟು, ಅಟ್ಟದ ಗಾಳಿಕಿಂಡಿ, ಚಿಮಣಿ, ಗೋಡೆಯಿಂದ ಪೈಪು ಹೊರಹೋಗುವ ಜಾಗ, ಕಿಟಕಿಗೆ ಸಿಕ್ಕಿಸಿದ ಎಸಿ, ಎಲ್ಲ ನೋಡಿ. ಪೆನ್ಸಿಲ್ ತೂರುವಷ್ಟು ಸಂದು ಅದಕ್ಕೆ ಧಾರಾಳ. ಸಂದು ಮುಚ್ಚುವ ಕೋಲ್ಕಿಂಗ್ ಟ್ಯೂಬ್, ಸಣ್ಣ ಕಣ್ಣಿನ ಜಾಲರಿ, ಬಾಗಿಲ ಕೆಳಗಿನ ರಬ್ಬರ್ ಪಟ್ಟಿ. ಬೇಸರದ ಕೆಲಸ, ಒಂದು ಶನಿವಾರ ಹೋಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ.

ಹಿತ್ತಲಿಗೆ ಬರೋಣ. ಈ ಹುಳ ಎಲೆ ಕಡಿಯುವುದಿಲ್ಲವಾದ್ದರಿಂದ ಹಾನಿ ತಡವಾಗಿ ಗೊತ್ತಾಗುತ್ತದೆ. ಕಾಯಿಗೆ ಸೂಜಿ ಬಾಯಿ ಚುಚ್ಚಿ ಜೊಲ್ಲು ಬಿಡುತ್ತದೆ, ಆ ಜೊಲ್ಲಿನಿಂದ ಒಳಗಿನ ತಿರುಳು ಕರಗುತ್ತದೆ, ಅದನ್ನು ಹೀರುತ್ತದೆ. ಟೊಮೆಟೊ ಸಿಪ್ಪೆ ಕೆಳಗೆ ಬಿಳಿ ಮೋಡದಂಥ ಕಲೆ, ಕೊಯ್ದರೆ ಅಲ್ಲಿ ಗಟ್ಟಿ ಬೆಂಡು, ನೀವು ನೋಡಿರುತ್ತೀರಿ. ಆ ಭಾಗ ತೆಗೆದು ಉಳಿದದ್ದು ತಿನ್ನಬಹುದು, ವಿಷವೇನೂ ಇಲ್ಲ. ಅವರೆ, ಬೀನ್ಸ್‌ನಲ್ಲಿ ಎಳೆ ಕಾಯಿಗೇ ಚುಚ್ಚಿದರೆ ಕಾಳು ಸುಕ್ಕುತ್ತದೆ ಅಥವಾ ಕಾಯಿ ಜೊಳ್ಳಾಗುತ್ತದೆ. ಸೋಯಾ ಹೊಲದಲ್ಲಂತೂ ಹುಳ ಕೂತ ಅಂಚಿನ ಗಿಡಗಳು ಮಾತ್ರ ಕೊಯ್ಲಿನ ಹೊತ್ತಿಗೂ ಹಸಿರಾಗೇ ನಿಂತಿರುತ್ತವೆ, ಕಾಳಿಲ್ಲದ ಗಿಡಕ್ಕೆ ಒಣಗುವ ಅವಸರ ಎಲ್ಲಿಂದ? ಉತ್ತರ ಅಮೆರಿಕದಲ್ಲಿ ಇದು ತಿನ್ನುವ ಗಿಡಗಳ ಪಟ್ಟಿ 170 ದಾಟಿದೆ.

ಅಂಗಡಿಯಲ್ಲಿ ಸಿಗುವ ವಾಸನೆ ಬಲೆ ತಂದು ತರಕಾರಿ ಮಡಿಯಲ್ಲಿ ನೇತು ಹಾಕಬೇಡಿ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬಲೆ ಇಟ್ಟ ತೋಟಗಳಲ್ಲಿ ಟೊಮೆಟೊ ಹಾನಿ ಕಡಿಮೆ ಆಗಲಿಲ್ಲ, ಬಲೆಯ ಪಕ್ಕದ ಗಿಡಗಳಲ್ಲಿ ಹುಳ ಇನ್ನೂ ಹೆಚ್ಚಾಯಿತು. ಊಟಕ್ಕೆ ಬನ್ನಿ ಅಂತ ನೀವೇ ಕರೆದ ಹಾಗೆ. ಬಂದವರೆಲ್ಲ ಬಲೆಯೊಳಗೇ ಹೋಗಬೇಕು ಅಂತ ಇಲ್ಲವಲ್ಲ.

ಪುಟ್ಟ ಹಿತ್ತಲಿಗೆ ಕೈಯೇ ಒಳ್ಳೆಯ ಔಷಧಿ. ಜೂನ್‌ನಿಂದ ವಾರಕ್ಕೆರಡು ಸಲ ಎಲೆ ಮಗುಚಿ ಮೊಟ್ಟೆ ನೋಡಿ. ಬೆಳಿಗ್ಗೆ ತಂಪಿನಲ್ಲಿ ಹುಳ ಮಂದವಾಗಿರುತ್ತದೆ, ಸೋಪು ನೀರಿನ ಬಕೆಟ್ ಕೆಳಗೆ ಹಿಡಿದು ಗಿಡ ಅಲ್ಲಾಡಿಸಿ. ಸಣ್ಣ ಕಣ್ಣಿನ ಪರದೆ ಹೊದಿಸಿದರೆ ಅವರೆಗೆ, ಟೊಮೆಟೊಗೆ ತೊಂದರೆ ಇಲ್ಲ, ಅವಕ್ಕೆ ಜೇನ್ನೊಣ ಬಂದೇ ಕಾಯಿ ಕಟ್ಟಬೇಕು ಅಂತಿಲ್ಲ. ಸೌತೆ, ಹೀರೆ, ಕುಂಬಳಕ್ಕೆ ಮಾತ್ರ ಹೂ ಬಿಟ್ಟ ಮೇಲೆ ಪರದೆ ತೆಗೆಯಲೇಬೇಕು. ಬೇವಿನೆಣ್ಣೆ ಮರಿಗೆ ಸ್ವಲ್ಪ ನಾಟುತ್ತದೆ, ದೊಡ್ಡ ಹುಳ ಕ್ಯಾರೇ ಅನ್ನುವುದಿಲ್ಲ.

ರಾಸಾಯನಿಕ ಔಷಧಿ? 2010ರ ಆಸುಪಾಸು ಸೇಬಿನ ತೋಟಗಳಲ್ಲಿ ನಡೆದದ್ದನ್ನು ಹೇಳುತ್ತೇನೆ. ಪೈರಿಥ್ರಾಯ್ಡ್ ಗುಂಪಿನ ಔಷಧಿ ಬಿದ್ದ ಕೂಡಲೇ ಹುಳ ಬೆನ್ನಡಿಯಾಗಿ ಬಿದ್ದು ಕಾಲು ಒದರುತ್ತದೆ. ಸತ್ತಿತು ಅಂತ ರೈತ ಮನೆಗೆ ಹೋಗುತ್ತಾನೆ. ಒಂದೆರಡು ದಿನ ಬಿಟ್ಟು ಬಂದು ನೋಡಿದರೆ ಅದರಲ್ಲಿ ಒಂದು ಪಾಲು ಎದ್ದು ನಡೆದುಹೋಗಿರುತ್ತದೆ. ಅಷ್ಟರಲ್ಲಿ ಕಾಡಿನಿಂದ ಹೊಸ ತಂಡ ಬಂದಿರುತ್ತದೆ. ಮತ್ತೆ ಮತ್ತೆ ಹೊಡೆದದ್ದಕ್ಕೆ ಒಳ್ಳೆಯ ಹುಳಗಳು ಸತ್ತು, ನುಸಿ, ಗಿಡಹೇನು, ಶಲ್ಕ ಕೀಟ ಏರಿದವು. ವರ್ಷಗಟ್ಟಲೆ ಶ್ರಮಪಟ್ಟು ಔಷಧಿ ಕಡಿಮೆ ಮಾಡಿದ್ದ ಬೆಳೆಗಾರರು ಮೊದಲ ಮೆಟ್ಟಿಲಿಗೆ ಬಂದು ನಿಂತರು. ಆಮೇಲೆ ನಿಮ್ಮದೇ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದವರು ಪೀಚ್ ತೋಟಗಳಲ್ಲಿ ಒಂದು ದಾರಿ ತೋರಿಸಿದರು. ಈ ಹುಳ ಹೊಲದ ನಡುವೆ ನುಗ್ಗುವುದಿಲ್ಲ, ಕಾಡಿನ ಕಡೆಯ ಅಂಚಿನಲ್ಲೇ ಬೀಡುಬಿಡುತ್ತದೆ. ಹಾಗಾಗಿ ಅಂಚಿನ ಸಾಲುಗಳಿಗಷ್ಟೇ ಸಿಂಪಡಿಸಿದರೆ ಸಾಕು, ಔಷಧಿಯೂ ಉಳಿಯುತ್ತದೆ, ಒಳಗಿನ ಮಿತ್ರ ಕೀಟವೂ. ನಾಲ್ಕು ಮಡಿಯ ಹಿತ್ತಲಿಗೆ ಇದರ ಅರ್ಥ ಇಷ್ಟೇ: ಕಾಡಿನ ಕಡೆಯ ಸಾಲು ಮೊದಲು ನೋಡಿ.

ಎಲೆ ಮಗುಚುವಾಗ ಇನ್ನೊಂದನ್ನು ಗಮನಿಸಿ. ಮೊಟ್ಟೆ ತಿಳಿ ಹಸಿರೋ ಬಿಳಿಯೋ ಇದ್ದರೆ ಹೊಸದು. ಬಿಳಿ ಮೊಟ್ಟೆಯೊಳಗೆ ಎರಡು ಕೆಂಪು ಚುಕ್ಕಿ, ನಡುವೆ ಪುಟ್ಟ ಕಪ್ಪು ತ್ರಿಕೋನ ಕಂಡರೆ ಮರಿ ಹೊರಬರುವ ಹೊತ್ತು. ಇವೆರಡನ್ನೂ ಸೋಪು ನೀರಿಗೆ ಹಾಕಿ. ಆದರೆ ಇಡೀ ಮೊಟ್ಟೆ ಕಪ್ಪಗಾಗಿದ್ದರೆ ಮುಟ್ಟಬೇಡಿ. ಒಳಗೆ ಬೆಳೆಯುತ್ತಿರುವುದು ಬೇರೆಯವರ ಮಗು. ಸಮುರಾಯ್ ಕಣಜ ಅಂತ ಒಂದಿದೆ, ಶಾಸ್ತ್ರದ ಹೆಸರು ಟ್ರಿಸೋಲ್ಕಸ್ ಜಪೋನಿಕಸ್. ಎಳ್ಳು ಕಾಳಿಗಿಂತ ಚಿಕ್ಕದು, ಮನುಷ್ಯರನ್ನು ಚುಚ್ಚುವುದಿಲ್ಲ. ತಿಗಣೆಯ ಒಂದೊಂದು ಮೊಟ್ಟೆಯೊಳಗೂ ತನ್ನ ಮೊಟ್ಟೆ ಇಡುತ್ತದೆ. ಚೀನಾದಲ್ಲಿ ಈ ತಿಗಣೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿರುವವರಲ್ಲಿ ಇದೇ ಮುಖ್ಯ. ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಇದನ್ನು ತಂದು, ಬಿಟ್ಟರೆ ಇಲ್ಲಿನ ತಿಗಣೆಗಳಿಗೂ ಪೆಟ್ಟಾಗುತ್ತದಾ ಅಂತ ಬೀಗ ಹಾಕಿದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ ಕೂತಿದ್ದರು. 2014ರಲ್ಲಿ ನೋಡಿದರೆ ಮೇರಿಲ್ಯಾಂಡ್‌ನ ಬೆಲ್ಟ್ಸ್‌ವಿಲ್ ಕಾಡಿನಲ್ಲಿ ಆ ಕಣಜ ಆರಾಮಾಗಿ ಓಡಾಡಿಕೊಂಡಿದೆ! ಪ್ರಯೋಗಾಲಯದಿಂದ ತಪ್ಪಿಸಿಕೊಂಡದ್ದಾ ಅಂತ ಜೀನ್ ಹೋಲಿಸಿದರು, ಅಲ್ಲ. ತಿಗಣೆ ಬಂದ ಹಾಗೆ ಇದೂ ತಾನಾಗೇ ಬಂದಿತ್ತು, ಟಿಕೆಟ್ ಇಲ್ಲದೆ. ಈಗ ಹಲವು ರಾಜ್ಯಗಳಲ್ಲಿದೆ, ಇಟಲಿಯಲ್ಲಿ 2020ರಿಂದ ಬೇಕಂತಲೇ ಬಿಡುತ್ತಿದ್ದಾರೆ. ಇದು ತಿಗಣೆಯನ್ನು ಪೂರ್ತಿ ಮುಗಿಸುವುದಿಲ್ಲ, ಆದರೆ ದೀರ್ಘಕಾಲಕ್ಕೆ ನಾನು ನೆಚ್ಚಿಕೊಂಡಿರುವುದು ಇದನ್ನೇ. ಹಿತ್ತಲಿಗೆ ಔಷಧಿ ಹೊಡೆದರೆ ಮೊದಲು ಸಾಯುವುದು ಇದೇ.

ಈಗ ಸೂಟ್‌ಕೇಸ್.

ಈ ಹುಳ ರೆಕ್ಕೆಯಿಂದ ದೇಶ ದಾಟಿದ್ದಲ್ಲ. ಪ್ರಯೋಗಾಲಯದಲ್ಲಿ ಹಾರಿಸಿ ನೋಡಿದರೆ ಹೆಚ್ಚಿನವು ಒಂದು ದಿನಕ್ಕೆ ಐದು ಕಿಲೋಮೀಟರ್ ಕೂಡ ಹೋಗುವುದಿಲ್ಲ. ಅದು ಹರಡಿದ್ದು ಮಲಗಿಕೊಂಡೇ: ಕಾರಿನ ಬಾಗಿಲ ರಬ್ಬರ್‌ನಲ್ಲಿ, ಮನೆ ಸಾಮಾನಿನ ಲಾರಿಯಲ್ಲಿ, ಕಂಟೇನರ್‌ನಲ್ಲಿ. 2004ರಲ್ಲೇ ಅಮೆರಿಕದ ಪಶ್ಚಿಮ ತುದಿಯ ಪೋರ್ಟ್‌ಲ್ಯಾಂಡ್‌ನಲ್ಲಿ ಕಾಣಿಸಿತು. ಸ್ವಿಟ್ಜರ್‌ಲ್ಯಾಂಡ್, ಇಟಲಿ, ಆಮೇಲೆ ಜಾರ್ಜಿಯಾ ದೇಶ, ಅಲ್ಲಿ ಹೇಜಲ್‌ನಟ್ ಬೆಳೆಗಾರರು ನಲುಗಿಹೋದರು. 2017ರಲ್ಲಿ ಚಿಲಿಯ ಸ್ಯಾಂಟಿಯಾಗೊ. ನ್ಯೂಜಿಲೆಂಡ್ 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ಬಂದ ಹಡಗುಗಳನ್ನು ಈ ಹುಳ ಕಂಡ ಕಾರಣಕ್ಕೆ ಬಂದರಿನಿಂದ ವಾಪಸ್ ಕಳಿಸಿತು. ಹಾಗಾಗಿ ನಿಮ್ಮ ಗಾಬರಿ ಹುಚ್ಚು ಗಾಬರಿ ಅಲ್ಲ. ನಿಮ್ಮ ಸೂಟ್‌ಕೇಸ್ ವರ್ಷವಿಡೀ ಎಲ್ಲಿರುತ್ತದೆ? ಅಟ್ಟದಲ್ಲಿ, ಅಲ್ವಾ? ಚಳಿಗಾಲ ಕಳೆಯಲು ಅದರ ಜಿಪ್ಪಿನ ಮಡಿಕೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಆದರೆ ಲೆಕ್ಕ ಹಾಕೋಣ. ಡಿಸೆಂಬರ್‌ನಲ್ಲಿ ಬಂದದ್ದು ಒಂದು ಹುಳ. ಹೆಣ್ಣೇ ಆಗಿದ್ದರೂ ಅಂಡಾಶಯ ಬೆಳೆದಿರುವುದಿಲ್ಲ. ಅದು ಎದ್ದು, ವಾರಗಟ್ಟಲೆ ತಿಂದು, ತನ್ನದೇ ಜಾತಿಯ ಗಂಡು ಹುಡುಕಬೇಕು. ಗಂಡು ಎಲ್ಲಿದೆ? ಹಾಗೂ ಹೀಗೂ ಸಿಕ್ಕಿತು ಅಂದರೂ ಒಂದು ಪೀಳಿಗೆಗೆ ಆರೇಳು ವಾರ. ಮೇ ತಿಂಗಳಿಗೆ ತೋಟದ ತುಂಬ ಅಡಿಕೆ ಉದುರಿಸುವಷ್ಟು ಸಂತಾನ ಆಗುವುದಿಲ್ಲ. ಆಯಿಯ ಕಸಬರಿಗೆ ಆವತ್ತೇ ಅದರ ಕಥೆ ಮುಗಿಸಿರಬೇಕು.

ಹಾಗಾದರೆ ಅಪ್ಪಯ್ಯ ಕಳಿಸಿದ ಫೋಟೋದಲ್ಲಿ ಇರುವುದು ಯಾರು? ನಿಮ್ಮ ಮನೆ ಹುಳದ ದಾಯಾದಿ ಇರಬೇಕು. ಅದೇ ಕುಲದ ಇನ್ನೊಂದು ಜಾತಿ ನಮ್ಮ ಅಡಿಕೆ ತೋಟಗಳಲ್ಲಿ ಮೊದಲಿಂದಲೂ ಇದೆ. ಹಳೆಯ ಬರಹಗಳಲ್ಲಿ ಹ್ಯಾಲಿಯೋಮಾರ್ಫಾ ಮಾರ್ಮೋರಿಯ, ಈಗ ಹ್ಯಾಲಿಯೋಮಾರ್ಫಾ ಪೈಕಸ್ ಅನ್ನುತ್ತಾರೆ. ಎಳೆ ಕಾಯಿ ಉದುರಿಸುವ ಅಡಿಕೆ ಕೀಟ ಅಂತ ಅದು ದಾಖಲಾಗಿ ದಶಕಗಳೇ ಆದವು, ನೀವು ಅಮೆರಿಕಕ್ಕೆ ಬರುವ ಎಷ್ಟೋ ಮೊದಲು. ಮೈಬಣ್ಣ, ಚುಕ್ಕಿ ಎಲ್ಲ ಎಷ್ಟು ಹೋಲುತ್ತವೆ ಅಂದರೆ ವಾಟ್ಸಾಪ್ ಫೋಟೋದಲ್ಲಿ ಖಚಿತವಾಗಿ ಬೇರೆ ಮಾಡಲು ನನಗೂ ಆಗುವುದಿಲ್ಲ. ಗೂಗಲ್ ಮಾಡಿ ಮತ್ತೆ ಗಾಬರಿಯಾಗಬೇಡಿ, ಹಿಂದೆ ಚೀನಾ, ಜಪಾನ್ ಕಡೆಯ ಬರಹಗಳಲ್ಲಿ ನಿಮ್ಮ ಮನೆ ಹುಳಕ್ಕೂ ಪೈಕಸ್ ಅನ್ನುವ ಹೆಸರೇ ಇಟ್ಟು ಗೊಂದಲ ಮಾಡಿಟ್ಟಿದ್ದಾರೆ.

ಅಪ್ಪಯ್ಯನವರಿಗೆ ಹೇಳಿ, ಔಷಧಿ ಅಂಗಡಿಗೆ ಹೋಗುವ ಮೊದಲು ಉದುರಿದ ಇಪ್ಪತ್ತು ಮೂವತ್ತು ಎಳೆ ಕಾಯಿ ಆರಿಸಿ ತೊಟ್ಟಿನ ತಲೆ ಬಿಡಿಸಿ ನೋಡಲಿ. ಅಲ್ಲಿ ಮೆತ್ತಗಿನ ಜಾಗದಲ್ಲಿ ಗುಂಡುಸೂಜಿ ಚುಚ್ಚಿದಂಥ ಗುರುತು, ಕೊಯ್ದರೆ ಒಳಗೆ ಕಂದು ಕಲೆ ಇದ್ದರೆ ತಿಗಣೆ ಕೆಲಸ. ಗುರುತೇ ಇಲ್ಲದ ಕಾಯಿ ಜಾಸ್ತಿ ಇದ್ದರೆ ಕಾರಣ ಬೇರೆ. ಬೇಸಿಗೆಯ ಸೆಕೆ, ನೀರಿನ ಕೊರತೆ, ಹಿಂಗಾರಕ್ಕೆ ಬಂದ ರೋಗ, ಗೊಬ್ಬರದ ಕೊರತೆ, ಇವೆಲ್ಲಕ್ಕೂ ಕಾಯಿ ಉದುರುತ್ತದೆ, ಪಕ್ಕದಲ್ಲಿ ಕಂಡ ಹುಳದ ಮೇಲೆ ಅಪವಾದ ಬರುತ್ತದೆ. ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಬಂದಾಗ ನಾಲ್ಕೈದು ಮರ ಹತ್ತಿಸಿ ಅಡಿಕೆ ಕೊನೆಯಲ್ಲಿ ಹುಳ, ಮರಿ ಎಷ್ಟಿವೆ ಅಂತ ನೋಡಿಸಲಿ. ಔಷಧಿ ಬೇಕೇ ಬೇಕು ಅಂತಾದರೆ ಹುಳ ಇರುವ ಕೊನೆಗಳಿಗೆ ಮಾತ್ರ, ಅದೂ ಕೃಷಿ ವಿಜ್ಞಾನ ಕೇಂದ್ರದವರನ್ನು ಅಥವಾ ವಿಟ್ಲದ ಸಿಪಿಸಿಆರ್‌ಐಯವರನ್ನು (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಳಿದ ಮೇಲೆ. ಹಿಂಗಾರ ಬಿಟ್ಟಾಗ ತೋಟದ ತುಂಬ ಜೇನು ಇರುತ್ತದೆ, ಕೆಳಗೆ ಏಲಕ್ಕಿ, ಕಾಳುಮೆಣಸು ಬೇರೆ.

ಈ ಡಿಸೆಂಬರ್‌ನಲ್ಲಿ ಹೊರಡುವ ಎರಡು ದಿನ ಮೊದಲು ಸೂಟ್‌ಕೇಸ್ ಬಿಸಿಲಿಗೆ ತೆರೆದಿಟ್ಟು ಜಿಪ್ಪು, ಚಕ್ರ, ಒಳಗಿನ ಜೇಬು ಎಲ್ಲ ವ್ಯಾಕ್ಯೂಮ್ ಮಾಡಿ. ಒಂದಕ್ಕೆ ಏನೂ ಆಗುವುದಿಲ್ಲ ಅಂದೆ ನಿಜ, ಆದರೆ ಆಲೆನ್‌ಟೌನ್‌ಗೂ ಯಾರೋ ಕೆಲವೇ ಬಂದದ್ದು. ಗಿಡ, ಬೀಜ ಒಯ್ಯಬೇಡಿ, ಭಾರತದ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಅದಕ್ಕೆ ಪರವಾನಗಿ ಬೇಕು. ಬರುವಾಗ ಅವರೆ ಬೀಜ ಸೀರೆ ನಡುವೆ ಸುತ್ತಿ ತರುವ ನಮ್ಮವರ ಚಾಳಿಗೂ ಇದೇ ಮಾತು.

ಹೋದಾಗ ತೋಟದಲ್ಲಿ ಹುಳ ಇನ್ನೂ ಕಂಡರೆ ನಾಲ್ಕೈದು ಹಿಡಿದು ಸಣ್ಣ ಬಾಟಲಿಯಲ್ಲಿ ಸರ್ಜಿಕಲ್ ಸ್ಪಿರಿಟ್‌ಗೆ ಹಾಕಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಬನ್ನಿ, ಮಸೂರದ ಕೆಳಗಿಟ್ಟು ನೋಡಿದರೆ ದಾಯಾದಿ ಹೌದೋ ಅಲ್ಲವೋ ಅಂತ ಇತ್ಯರ್ಥ ಆಗುತ್ತದೆ. ತಾರೀಖು, ಊರು, ಯಾವ ಗಿಡದ ಮೇಲೆ ಸಿಕ್ಕಿತು ಅಂತ ಒಂದು ಚೀಟಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.